ಹಸಿರಿಗೆ ಮರಳುವುದು

ಮನವಾಟು ಹೊಳೆ ಕಡಲು ಸೇರುವ ಕಡೆ ನನ್ನ ನರ್ಸರಿ.
ಗಾಳಿಗೆ ಇಲ್ಲಿ ರಜೆಯಿಲ್ಲ.
ಉಳಿದ ಗಿಡಗಳು ತಲೆಬಾಗುತ್ತವೆ,
ಇದು ಮಾತ್ರ ಎದುರಾಡುತ್ತದೆ,
ಇಡೀ ರಾತ್ರಿ ಯಾರೋ ಚರ್ಮದ ಬೆಲ್ಟುಗಳನ್ನು
ಒಂದಕ್ಕೊಂದು ತಿಕ್ಕಿದ ಸದ್ದು.

ಆಳೆತ್ತರದ ಎಲೆ. ಕತ್ತಿ ಅನ್ನುತ್ತಾರೆ ಕೊಳ್ಳಲು ಬಂದವರು.
ಅಲ್ಲ, ಪಟ್ಟಿ ಅನ್ನಿ,
ಅಂಚಿಗೆ ಕಿತ್ತಳೆ ದಾರ ಹೊಲಿದ ಪಟ್ಟಿ.
ಬುಡದಲ್ಲಿ ಬೀಸಣಿಗೆ ಮಡಿಸಿದ ಹಾಗೆ
ಒಂದರ ಹೊಟ್ಟೆಯೊಳಗಿಂದ ಇನ್ನೊಂದು.

ನಾನು ಬಣ್ಣದ ವ್ಯಾಪಾರಿ.
ಕುಂಡಕ್ಕೊಂದು ಹುಚ್ಚು:
ದ್ರಾಕ್ಷಿ ಹಿಂಡಿದ ಕೆಂಪು, ಹಳೆ ತಾಮ್ರದ ಕೊಳವೆಯ ಕಂದು,
ಕೆನೆಯ ಗೆರೆ, ಬೆಂದ ಸೀಗಡಿಯ ಗುಲಾಬಿ.
ಆ ಗುಲಾಬಿಗೆ ಹೆಂಡತಿಯ ಹೆಸರಿಟ್ಟೆ, ಐಲಿಡ್.
ಅವಳು ಕನ್ನಡಕ ಏರಿಸಿ ನೋಡಿ
"ನಾನು ಇಷ್ಟು ಪಟ್ಟೆಪಟ್ಟೆಯಾ?" ಎಂದಳು.

ಬೀಜ ಬಿತ್ತಿದರೆ ಈ ಬಣ್ಣ ಬಾರದು.
ಬೀಜಕ್ಕೆ ಅಪ್ಪನ ನೆನಪು ಕಮ್ಮಿ, ಮುತ್ತಜ್ಜನದು ಜಾಸ್ತಿ.
ಚಳಿ ಹಿಂಜರಿದ ಮೇಲೆ ಗರಗಸ ಹಿಡಿದು
ಬುಡವನ್ನೇ ಸೀಳಬೇಕು,
ಎಲೆ ಅರ್ಧಕ್ಕೆ ಮೊಟಕಿ, ಸಂದಿಯ ಬಿಳಿ ಹೇನು ತೊಳೆದು
ಹೊಸ ಮಣ್ಣಿಗೆ ಊರಬೇಕು.
ಮೊಣಕೈವರೆಗೂ ಅಂಟು. ಊಟದ ತಟ್ಟೆಯೂ ಕೈ ಬಿಡುವುದಿಲ್ಲ.

ಅಷ್ಟು ಮಾಡಿದರೂ
ಯಾವುದೋ ಬೆಳಗ್ಗೆ ಗುಲಾಬಿಯ ಬುಡದಿಂದ
ಹಸಿರೊಂದು ಮೇಲೇಳುತ್ತದೆ,
ಬರೀ ಹಸಿರು, ಬಾಡಿಗೆ ಮನೆಗೆ ಬಂದ ಮಾಲೀಕನ ಹಾಗೆ.
ಕೂಡಲೇ ಕಡಿಯಬೇಕು.
ಕನಿಕರ ತೋರಿದರೆ ಎರಡು ವರ್ಷದಲ್ಲಿ
ಗುಲಾಬಿ ಎಲ್ಲಿತ್ತೆಂದು ಹುಡುಕಬೇಕು.

ಕಡಿದದ್ದನ್ನು ಹಿಂದಿನ ಗುಡ್ಡೆಗೆ ಎಸೆಯುತ್ತಿದ್ದೆ,
ನನ್ನ ತಾತನ ಹಗ್ಗದ ಮಿಲ್ಲು ನಿಂತಿದ್ದ ಜಾಗ.
ಈಗ ಬರೀ ಕಾಂಕ್ರೀಟ್ ನೆಲ, ತುಕ್ಕು ಹಿಡಿದ ಒಂದು ಗಾಲಿ.
ಮೈಲಿಗಟ್ಟಲೆ ಕಾಡು ಎಲೆ ನುಂಗಿ
ಹಡಗಿನ ಹಗ್ಗ ಕಾರುತ್ತಿತ್ತಂತೆ ಅದು.

ಅಲ್ಲಿ ಒಂದು ದಿನ ಪಿರಿಹಿರಾ ಸಿಕ್ಕಳು,
ಎಪ್ಪತ್ತರ ಮುದುಕಿ, ಬೂಟು ತುಂಬ ಕೆಸರು.
ನಾನೆಸೆದದ್ದನ್ನು ಆರಿಸುತ್ತಿದ್ದಳು.
"ಹರಕೆಕೆ" ಎಂದಳು, ಹರಕೆ ಹೊತ್ತವಳ ಹಾಗೆ ಮೆಲ್ಲಗೆ.
ಜೇಬಿನಿಂದ ಮರುವಾಯಿ ಚಿಪ್ಪು ತೆಗೆದು
ಒಂದೆಲೆಯ ಮೈ ಹೆರೆದಳು.
ಹಸಿರು ಜಾರಿತು, ಒಳಗೆ ನಾರು,
ನರೆತ ಕೂದಲಿನಂತೆ, ಅದಕ್ಕಿಂತ ಹೊಳಪು.
ನನ್ನ ಗುಲಾಬಿಯದೊಂದನ್ನೂ ಹೆರೆದಳು.
ತುಂಡುತುಂಡು.
"ಬಣ್ಣ ಇದೆ ಫರ್ಗಸ್, ಎಲುಬಿಲ್ಲ."

ಆಮೇಲೆ ಬೈದಳು.
ನಡುವಿನದು ಕೂಸು, ಅಕ್ಕಪಕ್ಕದ್ದು ಹೆತ್ತವರು,
ಹೊರಗಿನವನ್ನಷ್ಟೇ ತೆಗೆಯಬೇಕು;
ನೀನು ಕೂಸು ಸಮೇತ ಕೊಯ್ದಿದ್ದೀಯಲ್ಲ!
ಬೇಡವಾದರೆ ಬೇರು ಸಹಿತ ಕೀಳು, ನನಗೆ ಕೊಡು.

ಹಾಗಾಗಿ ಏಳು ವರ್ಷದಿಂದ ಕೊಡುತ್ತಿದ್ದೇನೆ.
ಕಾಂಕ್ರೀಟಿನ ಬಿರುಕುಗುಂಟ ನೆಟ್ಟಿದ್ದಾಳೆ,
ಗಾಲಿ ಈಗ ಕಾಣುವುದಿಲ್ಲ.
ಬೇಸಿಗೆಯಲ್ಲಿ ಅಲ್ಲಿಂದ ಕಪ್ಪು ಹೂದಂಡುಗಳು ಏಳುತ್ತವೆ,
ಟೂಯಿ ಹಕ್ಕಿ ಹಣೆಗೆ ಕಿತ್ತಳೆ ಪುಡಿ ಮೆತ್ತಿಕೊಂಡು
ಅವಳ ಗಿಡದಿಂದ ನನ್ನದಕ್ಕೆ, ನನ್ನದರಿಂದ ಅವಳದಕ್ಕೆ.
ಬೇಲಿ ಇದ್ದದ್ದು ನಮಗಷ್ಟೇ.

ಅವಳು ಹೆಣೆದ ಬುಟ್ಟಿಯಲ್ಲಿ ನಮ್ಮ ಮನೆಯ ಆಲೂಗಡ್ಡೆ.

ಇವತ್ತು ಐಲಿಡ್‌ನ ಬುಡದಲ್ಲೂ
ಒಂದು ಹಸಿರು ನಾಲಿಗೆ ಕಂಡೆ.
ಲೋಕದಲ್ಲಿ ಆ ಬಣ್ಣದ್ದು ಈಗ ಇದೊಂದೇ ಬುಡ,
ಉಳಿದವು ಹೋದ ವರ್ಷದ ಹಿಮಕ್ಕೆ ಕೊಳೆತವು.
ಗುದ್ದಲಿ ತಂದೆ. ಊರಲು ಕೈ ಬರಲಿಲ್ಲ.
ಬೇರು ಒಂದೇ, ಎಲ್ಲಿ ಅವಳು, ಎಲ್ಲಿ ಇದು?
ಪಿರಿಹಿರಾಗೆ ಫೋನ್ ಮಾಡಿದೆ.

ಆಚೆಯಿಂದ ಟೀವಿ ಸದ್ದು, ಕೆಮ್ಮು, ನಂತರ ಅವಳು:
"ಮಳೆ ಬರ್ತಿದೆ ಮಾರಾಯ,
ಮಳೆಯಲ್ಲಿ ಮುಟ್ಟಬಾರದು ಅದನ್ನ.
ಒಳಗೆ ಹೋಗು."